ಎಕ್ಕದೆಲೆಯ ಶಾಖ

ಮಂಡಿ ಆಪರೇಷನ್ನಿಗೆ ಇನ್ನು ಒಂದು ವಾರ ಇದೆ ಎನ್ನುವಾಗ ಡಾಕ್ಟರು ನನ್ನ ನೋವಿನ ಮಾತ್ರೆ ನಿಲ್ಲಿಸಿಬಿಟ್ಟರು. ಆರು ವರ್ಷದಿಂದ ಬೆಳಗ್ಗೆ ಒಂದು, ಸಂಜೆ ಒಂದು ನುಂಗಿಕೊಂಡು ನಡೆದವಳು ನಾನು. ಆ ಮಾತ್ರೆ ಮೈಯಲ್ಲಿದ್ದರೆ ಟೇಬಲ್ ಮೇಲೆ ರಕ್ತ ಬೇಗ ನಿಲ್ಲುವುದಿಲ್ಲ, ತಡೆಯೋಕೆ ಆಗದಿದ್ದರೆ ಜ್ವರದ ಮಾತ್ರೆ ತಗೊಳ್ಳಿ ಅಂದರು. ಜ್ವರದ ಮಾತ್ರೆಯಂತೆ! ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಮೂರನೇ ದಿನಕ್ಕೆ ನಾನು ಮನೆಯಲ್ಲಿ ಯಾರಿಗೂ ಬೇಡದ ಹೆಂಗಸಾಗಿದ್ದೆ.

ನಾನು ಗುಬ್ಬಿ ತಾಲ್ಲೂಕಿನಲ್ಲಿ ನರ್ಸಮ್ಮನಾಗಿದ್ದೆ. ದೊಡ್ಡಾಸ್ಪತ್ರೆಯ ಫ್ಯಾನಿನ ಕೆಳಗೆ ಕೂರುವ ನರ್ಸಲ್ಲ. ಹಳ್ಳಿ ಹಳ್ಳಿ ತಿರುಗಿ ಮಕ್ಕಳಿಗೆ ಸೂಜಿ ಹಾಕುವ, ಬಸುರಿಯರ ಕಾರ್ಡು ಬರೆಯುವ, ಕರೆದ ಹೊತ್ತಿಗೆ ಹೋಗಿ ಹೆರಿಗೆ ಮಾಡಿಸುವ ನರ್ಸು. ಈಗ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿರುವ ಬಿದರೆಹಳ್ಳಿ ಕಾವಲ್ ಆಗ ಬರೀ ಬಯಲು. ತೊಂಬತ್ತರ ದಶಕವನ್ನೆಲ್ಲ ನಾನು ಆ ಕಡೆಯ ಹಳ್ಳಿಗಳ ದಾರಿಯಲ್ಲಿ, ಲಸಿಕೆಯ ಐಸ್ ಡಬ್ಬ ಹೆಗಲಿಗೆ ನೇತುಹಾಕಿಕೊಂಡು ನಡೆದೇ ಕಳೆದೆ. ಬಸ್ಸಿದ್ದರೆ ಬಸ್ಸು, ಇಲ್ಲದಿದ್ದರೆ ಕಾಲು. ಬಸ್ಸು ಇರುತ್ತಿದ್ದದ್ದು ಕಡಿಮೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗುವ ಹೊತ್ತಿಗೆ ಬಲಮಂಡಿ ಪೂರಾ ಹೋಗಿತ್ತು. ತುಮಕೂರಿನ ಒಂದು ನರ್ಸಿಂಗ್ ಹೋಮಿಗೆ ಬೆಂಗಳೂರಿನಿಂದ ತಿಂಗಳಿಗೊಮ್ಮೆ ಮೂಳೆ ಡಾಕ್ಟರು ಬರುತ್ತಿದ್ದರು. ಎಕ್ಸ್‌ರೇ ಬೆಳಕಿಗೆ ಹಿಡಿದು, "ನೋಡಿ ಸಿಸ್ಟರ್, ಮಧ್ಯೆ ಜಾಗಾನೇ ಇಲ್ಲ, ಮೂಳೆಗೆ ಮೂಳೆ ಉಜ್ತಾ ಇದೆ. ಇದನ್ನ ತೆಗೆದು ಹೊಸದು ಹಾಕೋದೇ" ಅಂದರು. ಅವರು ಬರುವ ದಿನಗಳೆಲ್ಲ ಮೊದಲೇ ತುಂಬಿಹೋಗಿರುತ್ತಿದ್ದವು. ನನಗೆ ತಾರೀಖು ಸಿಕ್ಕಿದ್ದು ನಾಲ್ಕು ತಿಂಗಳು ಕಾದ ಮೇಲೆ. ಹೊರಡುವಾಗ ಅವರು ಒಂದು ಮಾತು ಒತ್ತಿ ಹೇಳಿದ್ದರು. "ಮಂಡಿ ಸುತ್ತ ಚರ್ಮ ಚೊಕ್ಕವಾಗಿರಬೇಕು. ಸೊಳ್ಳೆ ಕಚ್ಚಿದ್ದನ್ನ ಕೆರೆದುಕೊಂಡ ಗಾಯ ಇದ್ರೂ ನಾನು ಮುಟ್ಟಲ್ಲ. ಒಳಗೆ ಕೀವಾದ್ರೆ ಹಾಕಿದ್ದನ್ನೆಲ್ಲ ತೆಗೀಬೇಕಾಗುತ್ತೆ. ನಿಮಗೆ ಹೇಳಬೇಕಾ?"

ನನಗೆ ಹೇಳಬೇಕಾಗಿರಲಿಲ್ಲ. ಇಪ್ಪತ್ತೇಳು ವರ್ಷ ನಾನು ಊರೂರಿನಲ್ಲಿ ಹೇಳಿಕೊಂಡು ಬಂದದ್ದು ಅದನ್ನೇ. ಹಸುಗೂಸಿನ ಹೊಕ್ಕುಳಿಗೆ ಬೂದಿ ಹಚ್ಚಿದವರಿಗೆ ಬೈದಿದ್ದೇನೆ. ಸುಟ್ಟ ಗಾಯಕ್ಕೆ ಸಗಣಿ ಮೆತ್ತಿದವರಿಗೆ ಬೈದಿದ್ದೇನೆ. ನನ್ನ ಬಾಯಿ ಒಳ್ಳೆಯದಲ್ಲ. "ದಡ್ಡಿ" ಎನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು, ಎದುರಿಗಿದ್ದವಳು ಅತ್ತೆಯಾಗಲಿ ಸೊಸೆಯಾಗಲಿ.

ಆಪರೇಷನ್ನಿಗೆಂದು ನಾನು ಕೆಲಸಕ್ಕೆ ರಜೆ ಹಾಕಿದ್ದೆ. ಮನೆಗೆಲಸಕ್ಕೆಂದು ಯಡಿಯೂರಿನ ಹತ್ತಿರದ ಹಳ್ಳಿಯಿಂದ ನನ್ನ ಅಕ್ಕ ಬಂದಳು. ಅವಳಿಗೆ ನನಗಿಂತ ಆರು ವರ್ಷ ಹೆಚ್ಚು. ಓದಿದ್ದು ನಾಲ್ಕನೇ ಕ್ಲಾಸು. ಒಂದು ಚೀಲದಲ್ಲಿ ಎರಡು ಸೀರೆ, ಇನ್ನೊಂದರಲ್ಲಿ ಹುರುಳಿಕಾಳು, ರಾಗಿಹಿಟ್ಟು, ಒಂದು ಬಾಟಲಿ ಹರಳೆಣ್ಣೆ. ಬಂದವಳೇ ಚಪ್ಪಲಿ ಬಿಟ್ಟು ಅಡುಗೆಮನೆ ಹೊಕ್ಕಳು.

ಆ ದಿನಗಳು ಹೇಗಿದ್ದವು ಎಂದು ಈಗ ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ನೆಲ. ನೆಲಕ್ಕೂ ನನಗೂ ಋಣ ಹರಿದುಹೋಗಿತ್ತು. ಬಿದ್ದ ಸ್ಪೂನು ಬಿದ್ದಲ್ಲೇ ಇರುತ್ತಿತ್ತು. ಈಳಿಗೆಮಣೆ ಗೋಡೆಗೆ ಒರಗಿ ಧೂಳು ಹಿಡಿದಿತ್ತು. ಮದುವೆಗಳಿಗೆ ಹೋಗುವುದನ್ನು ಬಿಟ್ಟು ಎರಡು ವರ್ಷವಾಗಿತ್ತು, ಚಾಪೆಯ ಮೇಲೆ ಕೂತು ಉಂಡರೆ ಎಬ್ಬಿಸಲು ಇಬ್ಬರು ಬೇಕು. ಕಕ್ಕಸಿನಲ್ಲಿ ಕುಕ್ಕರಿಸಿ ಕೂರಲಾಗದೆ ನಮ್ಮ ಯಜಮಾನರು ಒಂದು ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊಯ್ಯಿಸಿ ತಂದಿದ್ದರು. ಅದರ ಅಂಚು ತೊಡೆಗೆ ಕೊರೆಯುತ್ತಿತ್ತು. ಬೆಳಗ್ಗೆ ಹಾಸಿಗೆಯಿಂದ ಏಳಲು ಕಿಟಕಿಯ ಸರಳು ಹಿಡಿದು, ಅಯ್ಯಪ್ಪಾ ಎಂದು ಒಂದು ಸಲ ಕೂಗಿ, ನಿಂತು, ಮಂಡಿ ಲಟಕ್ ಎಂದ ಮೇಲೆ ಮೊದಲ ಹೆಜ್ಜೆ. ಬಚ್ಚಲಿಗೆ ಹತ್ತು ಹೆಜ್ಜೆ. ಹತ್ತನ್ನೂ ನಾನು ಎಣಿಸುತ್ತಿದ್ದೆ.

ಅಕ್ಕ ಮಾತ್ರ ಅರವತ್ತು ದಾಟಿದರೂ ಕುಕ್ಕರಗಾಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಮಡಕೆಯನ್ನು ಎರಡು ಪಾದದ ನಡುವೆ ಒತ್ತಿ ಹಿಡಿದು ಮುದ್ದೆ ತಿರುವಿ, ಸೆರಗಿನಿಂದ ಮುಖ ಒರೆಸಿಕೊಂಡು, ಕೈಯೂರದೆ ಎದ್ದು ನಿಲ್ಲುತ್ತಿದ್ದಳು. ನಾನು ಸ್ಟೂಲಿನ ಮೇಲೆ ಕೂತು ಅದನ್ನು ನೋಡುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಉಪ್ಪು ಜಾಸ್ತಿ ಎಂದು ಬೈಯುತ್ತಿದ್ದೆ. ನೆಲ ಒದ್ದೆ ಬಿಟ್ಟಿದ್ದೀಯ, ನಾನು ಜಾರಿ ಬೀಳಲಿ ಅಂತಲೇ ಎಂದು ಬೈಯುತ್ತಿದ್ದೆ.

"ಬೈಯಮ್ಮಿ, ಬೈಯಿ. ನೋವು ಮಾತಾಡ್ಸ್ತದೆ, ನೀನಲ್ಲ" ಎನ್ನುತ್ತಿದ್ದಳು.

ಐದನೇ ದಿನ ಮಧ್ಯಾಹ್ನ ನನ್ನ ಕೈಲಿ ಆಗಲಿಲ್ಲ. ನಾಲ್ಕು ದಿನದಿಂದ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ಮಂಡಿ ಊದಿ ತೆಂಗಿನಕಾಯಿಯಷ್ಟಾಗಿತ್ತು. ಯಜಮಾನರು ಆಫೀಸಿಗೆ ಹೋಗಿದ್ದರು. ಅಕ್ಕ ನನ್ನ ಕಾಲ ಬಳಿ ಕೂತು ಪಾದ ಒತ್ತುತ್ತಿದ್ದಳು. ನಾನು ಸೂರು ನೋಡಿಕೊಂಡು ಹೇಳಿದೆ, "ಅಕ್ಕ, ನೀನು ನಿನ್ನ ಮಂಡಿಗೆ ಅದೇನೋ ಕಟ್ಕೋತಿದ್ದೆಯಲ್ಲ, ಅದನ್ನ ಕಟ್ಟು."

ಅವಳು ಒತ್ತುವುದನ್ನು ನಿಲ್ಲಿಸಿದಳು. "ಎಕ್ಕದೆಲೆನಾ? ಬ್ಯಾಡ ಕಣೇ. ಡಾಕ್ಟ್ರು ಏನೂ ಮುಟ್ಟಿಸ್ಬೇಡಿ ಅಂದವ್ರೆ ಅಂತ ನೀನೇ ಹೇಳ್ದಲ್ಲ."

"ಎಲೆ ತಾನೇ? ಎಲೆಯಿಂದ ಏನಾಗುತ್ತೆ?"

"ಬ್ಯಾಡ ಅಂದ್ರೆ ಬ್ಯಾಡ. ಇನ್ನು ಎರಡು ದಿನ ತಡ್ಕೊ."

"ತಡ್ಕೊಳ್ಳೋಳು ನಾನೋ ನೀನೋ? ಕಟ್ಟೋದಾದ್ರೆ ಕಟ್ಟು, ಇಲ್ಲಾಂದ್ರೆ ಎದ್ದು ಊರಿಗೆ ಹೋಗು!"

ಹೀಗೆ ಅಂದೆ. ಅಕ್ಕ ಎದ್ದುಹೋದಳು. ರಸ್ತೆಯಾಚೆಯ ಖಾಲಿ ಸೈಟಿನಿಂದ ನಾಲ್ಕು ಎಲೆ ಕಿತ್ತು ತಂದು, ಅದರ ಹಾಲು ಹೋಗಲೆಂದು ತೊಟ್ಟನ್ನು ಮೂರು ಸಲ ಒರೆಸಿ, ಹರಳೆಣ್ಣೆ ಸವರಿ ಹೆಂಚಿನ ಮೇಲೆ ಬಾಡಿಸಿದಳು. ಮಂಡಿಗೆ ಸುತ್ತಿ ಹಳೇ ಸೀರೆಯ ಪಟ್ಟಿ ಕಟ್ಟಿದಳು. ಮೇಲೆ ಹುರಿದ ಉಪ್ಪಿನ ಗಂಟಿಟ್ಟಳು. ಬೆಚ್ಚಗಿತ್ತು, ಸಾಕಾಗಲಿಲ್ಲ. "ಇನ್ನೂ ಬಿಸಿ ಮಾಡು" ಅಂದೆ. ಮಾಡಿದಳು. "ಇನ್ನೂ" ಅಂದೆ. ಅವಳು ತನ್ನ ಕೆನ್ನೆಗೆ ಮುಟ್ಟಿಸಿ ನೋಡಿ, ಬೇಡ ಎಂದು ತಲೆಯಾಡಿಸಿದಳು. ಅವಳ ಕೈಯಿಂದ ಗಂಟು ಕಿತ್ತುಕೊಂಡು ನಾನೇ ಒತ್ತಿ ಹಿಡಿದೆ.

ಅಬ್ಬಾ, ಆ ನಿದ್ದೆ! ಹಾಗೇ ಎರಡು ಗಂಟೆ ಸತ್ತಂತೆ ಮಲಗಿದೆ. ಆ ಎರಡು ಗಂಟೆಯ ಸುಖವನ್ನು ಇವತ್ತಿಗೂ ನಾನು ಮರೆತಿಲ್ಲ, ಅದಕ್ಕಾಗಿ ನಾಚಿಕೊಳ್ಳುವುದೂ ನನ್ನಿಂದ ಪೂರ್ತಿಯಾಗಿ ಆಗಿಲ್ಲ. ಎದ್ದು ಪಟ್ಟಿ ಬಿಚ್ಚಿದಾಗ ಮಂಡಿಯ ಪಕ್ಕದಲ್ಲಿ ಮೂರು ಬೊಬ್ಬೆ ಎದ್ದಿದ್ದವು, ಸುತ್ತ ಕೆಂಪಗೆ.

ನೋಡಿದ ಕೂಡಲೇ ನನಗೆ ಗೊತ್ತಾಯಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದಿತ್ತು. ಯಜಮಾನರಿಗೆ ತೋರಿಸಲಿಲ್ಲ. ಬೊಬ್ಬೆಯನ್ನು ಒಡೆಯಬಾರದು, ಒಣಗಲು ಬಿಡಬೇಕು ಎಂದು ನಾನೇ ಸಾವಿರ ಜನಕ್ಕೆ ಹೇಳಿದ್ದೆ. ಮಾರನೆಯ ದಿನ ಸೀರೆಯ ನೆರಿಗೆ ಉಜ್ಜಿ ಎರಡು ಒಡೆದವು. ಬಿಸಿನೀರು ಚೆಲ್ಲಿಕೊಂಡೆ ಎಂದು ಹೇಳೋಣ ಎಂದು ಅಕ್ಕನಿಗೆ ಹೇಳಿಕೊಟ್ಟೆ. ಅವಳು ಹೂಂ ಅಂದಳು.

ಅಡ್ಮಿಟ್ ಆಗುವ ದಿನ ತುಮಕೂರಿನ ನರ್ಸಿಂಗ್ ಹೋಮಿನಲ್ಲಿ ಯಜಮಾನರು ಕೆಳಗೆ ಕೌಂಟರಿನಲ್ಲಿ ಫಾರಂ ತುಂಬುತ್ತಿದ್ದರು. ಮೇಲೆ ಆರು ಹಾಸಿಗೆಯ ವಾರ್ಡಿನಲ್ಲಿ ನಾನು, ಪಕ್ಕದಲ್ಲಿ ಅಕ್ಕ. ಡಾಕ್ಟರು ವಾರ್ಡಿನ ನರ್ಸನ್ನೂ ಇಬ್ಬರು ಚಿಕ್ಕ ಡಾಕ್ಟರುಗಳನ್ನೂ ಕರೆದುಕೊಂಡು ಬಂದು ನನ್ನ ಸೀರೆ ಸರಿಸಿದರು.

"ಇದೇನಿದು?"

"ಬಿಸಿನೀರು ಚೆಲ್ಲಿತು ಸಾರ್."

ಅವರು ಬಗ್ಗಿ ನೋಡಿದರು. ಕೆಂಪು ಗುರುತು ಮೇಲೆ ಅಗಲ, ಕೆಳಗೆ ಚೂಪು, ನಡುವೆ ಒಂದು ಗೆರೆ. "ಬಿಸಿನೀರು ಎಲೆ ಥರ ಚೆಲ್ಲುತ್ತಾ ಸಿಸ್ಟರ್?" ಅಂದರು. ಚಿಕ್ಕ ಡಾಕ್ಟರೊಬ್ಬ ನಕ್ಕ. ಅಕ್ಕಪಕ್ಕದ ಹಾಸಿಗೆಯವರೆಲ್ಲ ಕತ್ತು ಎತ್ತಿದರು. "ಇದು ಆರೋವರೆಗೂ ಆಪರೇಷನ್ ಇಲ್ಲ. ಮುಂದಿನ ತಿಂಗಳು ನೋಡೋಣ. ಅಲ್ಲ, ನೀವು ಡಿಪಾರ್ಟ್‌ಮೆಂಟಿನವರು, ನೀವೇ ಹೀಗೆ ಮಾಡಿದ್ರೆ..."

ಇನ್ನೊಂದು ತಿಂಗಳು ಆ ಹತ್ತು ಹೆಜ್ಜೆ, ಆ ಕುರ್ಚಿ. ಅಷ್ಟರಲ್ಲಿ ಅಕ್ಕ ಮುಂದೆ ಬಂದು ಕೈ ಜೋಡಿಸಿದಳು.

"ನಾನು ಕಟ್ಟಿದ್ದು ಡಾಕ್ಟ್ರೇ. ಅವ್ಳು ನಿದ್ದೇಲಿದ್ಲು, ಅವ್ಳಿಗೆ ಗೊತ್ತೇ ಇಲ್ಲ. ಬಿಸ್ನೀರು ಚೆಲ್ತು ಅಂತ ಅವ್ಳಿಗೆ ಹೇಳ್ದೋಳೂ ನಾನೇ. ನಾನು ಹಳ್ಳಿಯೋಳು, ತಿಳೀದೆ ಮಾಡ್ಬುಟ್ಟೆ."

ಆಮೇಲೆ ಡಾಕ್ಟರು ಅವಳಿಗೆ ಹೇಳಿದ್ದನ್ನೆಲ್ಲ ನಾನು ಇಲ್ಲಿ ಬರೆಯುವುದಿಲ್ಲ. ಕೆಟ್ಟವರಲ್ಲ ಅವರು, ಅವರ ಒಂದು ದಿನ ಹಾಳಾಗಿತ್ತು. ನಾನು ಬಳಸುತ್ತಿದ್ದ ಮಾತುಗಳನ್ನೇ ಅವರೂ ಬಳಸಿದರು. ಎಷ್ಟು ಹೇಳಿದರೂ ನಿಮ್ಮಂಥವರಿಗೆ ಬುದ್ಧಿ ಬರುವುದಿಲ್ಲ, ಓದಿದ ತಂಗಿಯ ಕಾಲನ್ನೂ ಹಾಳು ಮಾಡುತ್ತೀರಿ, ಹೀಗೇ. ಅಕ್ಕ ತಲೆ ತಗ್ಗಿಸಿ ಹೂಂ ಹೂಂ ಎನ್ನುತ್ತಿದ್ದಳು. ಒಂದು ಸಲ ನನ್ನ ಕಡೆ ನೋಡಿದಳು. ನಾನು ಎಕ್ಸ್‌ರೇ ಕವರಿನ ಮೇಲಿನ ನನ್ನ ಹೆಸರು ಓದುತ್ತಿದ್ದೆ.

ಸಂಜೆ ಗುಬ್ಬಿಯ ಬಸ್ಸಿನಲ್ಲಿ ಯಜಮಾನರು ಹಿಂದಿನ ಸೀಟಿನಲ್ಲಿ ಕೂತು ಅಕ್ಕನೊಡನೆ ಒಂದು ಮಾತೂ ಆಡಲಿಲ್ಲ. ಅವರೂ ಅವಳ ತಪ್ಪೆಂದೇ ನಂಬಿದ್ದರು. ನಾನು ಮೆಲ್ಲಗೆ, "ಯಾಕಕ್ಕ ಹಂಗಂದೆ?" ಎಂದು ಕೇಳಿದೆ.

"ಬುಡು. ನಾಳೆ ನೀನು ಊರೂರಿಗೆ ಹೋಗಿ ಬುದ್ಧಿ ಹೇಳ್ಬೇಕು. ಇವ್ಳೇ ಸೊಪ್ಪು ಕಟ್ಕೊಂಡವ್ಳೆ ಅಂತ ಗೊತ್ತಾದ್ರೆ ಯಾರು ಕೇಳ್ತಾರೆ? ನಂಗೇನು, ಮಾನ ಹೋದ್ರೆ ಕಳ್ಕೊಳ್ಳೋಕೆ ನೌಕ್ರಿ ಅದಾ?" ಅಂದು ಕಿಟಕಿಯಾಚೆ ನೋಡತೊಡಗಿದಳು. ನಾನು ಅದನ್ನು ನಂಬಿದೆ. ನಂಬುವುದು ಅನುಕೂಲವಾಗಿತ್ತು.

ಊರಿಗೆ ಹೋಗಿ ಬರುತ್ತೇನೆ ಎನ್ನಲಿಲ್ಲ ಅವಳು. ಇನ್ನೊಂದು ತಿಂಗಳೂ ಉಳಿದಳು. ದಿನಾ ಕಾಯಿಸಿ ಆರಿಸಿದ ನೀರಿನಲ್ಲಿ ಗಾಯ ತೊಳೆದು, ನಾನು ಹೇಳಿದಂತೆ ಮುಲಾಮು ಹಚ್ಚಿದಳು. ನಾನು ಬೈಯುವುದು ಕಡಿಮೆಯಾಗಿತ್ತು, ಮಾತೇ ಕಡಿಮೆಯಾಗಿತ್ತು. ಪಕ್ಕದ ಮನೆಯವರು ಬಂದು, "ನಿಮ್ಮಕ್ಕ ಏನೋ ಕಟ್ಟಿಬಿಟ್ರಂತೆ" ಎಂದಾಗ ಅಕ್ಕ ಒಳಗಿಂದ, "ಹೂಂ ಕಣಮ್ಮ, ನನ್ನ ಕರ್ಮ" ಎನ್ನುತ್ತಿದ್ದಳು. ಆಗಲೂ ನಾನು ಸುಮ್ಮನಿದ್ದೆ. ಪ್ರತಿ ಸಲ, ಇವತ್ತು ಯಜಮಾನರಿಗೆ ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದೆ. ಅವರು ಬರುವ ಹೊತ್ತಿಗೆ ಮಂಡಿ ನೋಯುತ್ತಿರುತ್ತಿತ್ತು, ನಾಳೆ ಎಂದು ಬಿಡುತ್ತಿದ್ದೆ.

ಎರಡನೇ ಸಲ ಅಡ್ಮಿಟ್ ಆದಾಗ ಚರ್ಮ ಆರಿತ್ತು. ಡಾಕ್ಟರು ಬೆರಳಾಡಿಸಿ ನೋಡಿ, ನಾಳೆ ಬೆಳಗ್ಗೆ ಮೊದಲನೆಯದು ನಿಮ್ಮದೇ ಎಂದು ಹೋದರು. ವಾರ್ಡಿನ ನರ್ಸು ಅದೇ ಹುಡುಗಿ. ಅಕ್ಕನನ್ನು ನೋಡಿ ಜೋರಾಗಿ, "ಓಹೋ, ಎಲೆ ಅಜ್ಜಿ ಬಂದ್ರಾ! ಈ ಸಲ ಚೀಲದಲ್ಲಿ ಏನಿಟ್ಕೊಂಡ್ ಬಂದಿದ್ದೀರಾ, ತೋರಿಸಿ ನೋಡೋಣ" ಅಂದಳು. ಪಕ್ಕದ ಹಾಸಿಗೆಗಳಲ್ಲಿ ನಗು. ಅಕ್ಕನೂ ನಕ್ಕಳು. ನಗುತ್ತಲೇ ಚೀಲದ ಬಾಯಿ ಬಿಚ್ಚಿ ನಿಜವಾಗಿಯೂ ತೋರಿಸತೊಡಗಿದಳು, ಟವೆಲ್ಲು, ಲೋಟ, ಬಾಚಣಿಗೆ.

ನನಗೆ ಅದನ್ನು ನೋಡಲಾಗಲಿಲ್ಲ. "ಮುಚ್ಚಕ್ಕ ಅದನ್ನ" ಅಂದು ನರ್ಸಿನ ಕಡೆ ತಿರುಗಿದೆ. "ಏನಮ್ಮಾ, ಇಲ್ಲಿ ಕೇಳು. ಅವಳು ಬೇಡ ಅಂದಳು. ಕಟ್ಟು ಅಂತ ಜಗಳ ಆಡಿದವಳು ನಾನು. ಬಿಸಿ ಗಂಟು ಒತ್ತಿಕೊಂಡವಳೂ ನಾನೇ. ಇಪ್ಪತ್ತೇಳು ವರ್ಷ ಸರ್ವಿಸ್ ಮಾಡಿದ ನರ್ಸು. ಹೋಗಿ ನಿಮ್ಮ ಡಾಕ್ಟರಿಗೂ ಹೇಳು."

ಬಾಗಿಲಲ್ಲಿ ಯಜಮಾನರು ನಿಂತಿದ್ದರು. ನರ್ಸು ನನ್ನ ಬಿ.ಪಿ. ನೋಡಿ ಬರೆದುಕೊಂಡು ಹೋದಳು. ಯಜಮಾನರು ಕಾಫಿ ತರುತ್ತೇನೆಂದು ಕೆಳಗಿಳಿದರು. ಅಕ್ಕ ಚೀಲವನ್ನು ಮಂಚದ ಕೆಳಗೆ ತಳ್ಳಿ, ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಸಂಜೆ ಬಂದು ನನ್ನ ಬೆನ್ನ ಹಿಂದೆ ಕೂತಳು. ಥಿಯೇಟರಿಗೆ ಹೋಗುವಾಗ ಕೂದಲನ್ನು ಎರಡು ಜಡೆ ಹಾಕಿರಬೇಕು ಎಂದು ಹೇಳಿದ್ದರು. ಬೈತಲೆ ತೆಗೆದು, ಸಿಕ್ಕು ಬಿಡಿಸಿ, ಒಂದು ಜಡೆ ಪೂರ್ತಿ ಹೆಣೆದಳು. ಆಮೇಲೆ ಹಿಂದಿನಿಂದಲೇ ಹೇಳಿದಳು.

"ಅವತ್ತೇ ಬಾಯ್ ಬುಡ್ತೀಯೇನೋ ಅಂತ ನೋಡ್ದೆ ಕಣಮ್ಮಿ. ಅಷ್ಟು ಜನದ ಮುಂದೆ ನಂಗೆ ಬೋ ನಾಚ್ಕೆ ಆಗೋಯ್ತು."

ನಾನು ತಿರುಗಲು ನೋಡಿದೆ. ಕೂದಲು ಅವಳ ಕೈಯಲ್ಲಿತ್ತು.

"ಅಲ್ಲಾಡ್ದಂಗೆ ಕುಂತ್ಕೊ" ಎಂದು ಎರಡನೇ ಜಡೆ ಶುರುಮಾಡಿದಳು.