ಬ್ರೇಕಿಗೆ ಕಟ್ಟಿದ ದಾರ

ಮಿಯಾಪುರ ಮೆಟ್ರೊ ನಿಲ್ದಾಣದ ಎದುರು, ರಸ್ತೆಯ ಅಂಚಿನಲ್ಲಿ ನಿಂತು ಬರೆಯುತ್ತಿದ್ದೇನೆ. ಕಲಬುರಗಿಯಿಂದ ನಮ್ಮ ಹೊಸ ಹೈಬ್ರಿಡ್ ಕಾರಿನಲ್ಲಿ ಬಂದೆವು. ಸಿಗ್ನಲ್ ಹತ್ತಿರ ಡ್ಯಾಶ್‌ಬೋರ್ಡಿನಲ್ಲಿ ಬ್ರೇಕಿನ ಕೆಂಪು, ಹಳದಿ ದೀಪಗಳೆರಡೂ ಹೊತ್ತಿಕೊಂಡವು. ಮುಂದಿನ ಬಸ್ಸಿಗೆ ತಗಲುವಷ್ಟರಲ್ಲಿ ಕಾರು ಹೇಗೋ ನಿಂತಿತು.

ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ, ಮೊದಲು ಯಾವ ದೀಪ ಬಂತು ಎಂದು ಅಲ್ಲಿನ ಹುಡುಗಿ ಹಿಂದಿಯಲ್ಲಿ ಕೇಳಿದಳು. ಕೆಂಪು ಎಂದೆ.

"ಹಳದಿ ರೀ. ನಾ ನೋಡೀನಿ," ಎಂದಳು ಪಕ್ಕದಲ್ಲಿದ್ದ ಹೆಂಡತಿ ಸುಜಾತಾ.

ನಾನು ಕೆಂಪನ್ನು ನಿಜಕ್ಕೂ ಕಂಡೆನೆ? ಅಥವಾ ಅದು ಹೆದರಿಕೆ ಆಮೇಲೆ ಬಳಿದ ಬಣ್ಣವೆ?

ಪೆಡಲಿಗೆ ಏನಾದರೂ ಸಿಕ್ಕಿಕೊಂಡಿದೆಯೇ ನೋಡಿ ಎಂದಳು ಹುಡುಗಿ. ಬಗ್ಗಿ ಮೊಬೈಲಿನ ಬೆಳಕು ಬಿಟ್ಟೆ. ಬ್ರೇಕ್ ಪೆಡಲಿನ ಮೇಲ್ತುದಿಗೆ ಕಪ್ಪು ದಾರ ಸುತ್ತಿತ್ತು. ಅದರ ದಪ್ಪ ಗಂಟು ಬ್ರೇಕ್ ಒತ್ತಿದ್ದನ್ನು ಕಾರಿಗೆ ತಿಳಿಸುವ ಅಲ್ಲಿನ ಸ್ವಿಚ್ಚಿಗೆ ಒತ್ತಿಕೊಂಡಿತ್ತು.

"ಕಾಕು, ಏನಿದು?"

ಹಿಂದಿನ ಸೀಟಿನಲ್ಲಿದ್ದ ಚಿಕ್ಕಪ್ಪನ ಹೆಂಡತಿ ಅಳುಕಲಿಲ್ಲ. "ದೃಷ್ಟಿ ದಾರಪ್ಪ. ಸ್ಟೇರಿಂಗಿಗೆ ಕಟ್ಟಿದ್ರ ನೀ ಹರದು ಒಗೀತಿದ್ದಿ. ಜೀವ ಉಳಸೋದು ಬ್ರೇಕ್ ಅಲ್ಲೇನು? ಅದಕ್ಕ ಭಾಳ ಬಿಗಿ ಕಟ್ಟೀನಿ."

ದಾರ ಕತ್ತರಿಸಿದೆ. ದೀಪಗಳು ಆರಿದವು.

"ನಡೀರಿ ಇನ್ನ, ಅಕ್ಕನ ಮನಿ ಇಲ್ಲೇ ಐತಿ," ಎಂದಳು ಸುಜಾತಾ.

ಪೆಡಲ್ ಒತ್ತಿ ನೋಡಿದೆ. ತುಸು ಹೆಚ್ಚೇ ಕೆಳಗಿಳಿಯಿತೇ? ಬೆಳಿಗ್ಗೆಯೂ ಇಷ್ಟೇ ಇಳಿಯುತ್ತಿತ್ತೇ? ಈ ಸಲ ಸುಜಾತಾಳನ್ನೂ ಕೇಳುವಂತಿಲ್ಲ. ಅದು ನನ್ನ ಕಾಲಿಗೆ ಮಾತ್ರ ತಿಳಿದಿರಬೇಕಾದ ಸಂಗತಿ, ಕಾಲಿಗೆ ನೆನಪಿಲ್ಲ.

ಕಾರು ಆಫ್ ಮಾಡಿ, ಎಳೆದೊಯ್ಯುವ ಗಾಡಿ ಕಳಿಸಿ ಎಂದು ಮತ್ತೆ ಫೋನ್ ಮಾಡಿದೆ. ಇಬ್ಬರೂ ನನ್ನ ಮೇಲೆ ಸಿಟ್ಟಾಗಿ ಆಟೊ ಹತ್ತಿ ಹೋಗಿದ್ದಾರೆ.