ಇಲವಾಲದ ಹತ್ತಿರ ನನ್ನ ವಾಕಿಟಾಕಿ ಸಿಕ್ಕಿಬಿದ್ದ ಭಾನುವಾರ

"ಮೇಡಂ, ಗಾಡಿ ಸೈಡಿಗೆ ಹಾಕಿ" ಅಂದಾಗ ಮೊದಲು ಸೀಟ್ ಬೆಲ್ಟ್ ಮುಟ್ಟಿ ನೋಡಿಕೊಂಡೆ. ಹಾಕಿತ್ತು. ಇನ್ಶೂರೆನ್ಸ್ ಕೂಡ ಸರಿಯಾಗಿತ್ತು.

ಹೆಡ್ ಕಾನ್‌ಸ್ಟೇಬಲ್ ಕಣ್ಣು ಮಾತ್ರ ನನ್ನ ಹಿಂದಿನ ಸೀಟಿನ ಮೇಲೆ.

ಅಲ್ಲಿದ್ದದ್ದು ನನ್ನ ವಾಕಿಟಾಕಿ. ಪಕ್ಕದಲ್ಲಿ ಪಿವಿಸಿ ಪೈಪಿಗೆ ಅಳತೆ ಟೇಪಿನ ತುಂಡು ಕಟ್ಟಿ ನಾನೇ ಮಾಡಿದ ಆಂಟೆನಾ.

ಗೊತ್ತಿಲ್ಲದವರಿಗೆ ಹೇಳ್ತೀನಿ. ನಾನು ಜಯಲಕ್ಷ್ಮಿಪುರಂನಲ್ಲಿ ಫಿಸಿಕ್ಸ್ ಟ್ಯೂಷನ್ ಮಾಡೋಳು, ಹವ್ಯಾಸಕ್ಕೆ ಹ್ಯಾಮ್ ರೇಡಿಯೊ, ಅಂದ್ರೆ ನಮ್ಮದೇ ವೈರ್‌ಲೆಸ್ ಸೆಟ್ಟಲ್ಲಿ ಬೇರೆ ಹವ್ಯಾಸಿಗಳ ಜೊತೆ ಮಾತಾಡೋದು. ಪರೀಕ್ಷೆ ಬರೆದು ಸರ್ಕಾರದ ಲೈಸೆನ್ಸ್ ತಗೊಂಡಿದ್ದೀನಿ. ಕಳೆದ ಭಾನುವಾರ ಬೆಳಿಗ್ಗೆ ಇಲವಾಲದ ಆಚೆ ನಮ್ಮ ಗುಂಪಿನ "ನರಿ ಬೇಟೆ" ಇತ್ತು. ನರಿ ಅಂದ್ರೆ ಎಲ್ಲೋ ಬಚ್ಚಿಟ್ಟ ಪುಟ್ಟ ಟ್ರಾನ್ಸ್‌ಮಿಟರ್. ಅದರ ಸಿಗ್ನಲ್ ಹಿಡಿದು ಹುಡುಕಬೇಕು.

ಇದನ್ನೆಲ್ಲ ಅಲ್ಲೇ ಜೀಪಿನ ಹತ್ತಿರ ನಿಂತಿದ್ದ ಸಬ್ ಇನ್ಸ್‌ಪೆಕ್ಟರ್ ಸಾಹೇಬರಿಗೂ ಹೇಳಿದೆ. ನರಿ ಅಂದ ತಕ್ಷಣ ಅವರ ಮುಖ ಇನ್ನಷ್ಟು ಗಂಟಾಯ್ತು.

"ಲೈಸೆನ್ಸ್ ತೋರಿಸಿ."

ನನ್ನ ಲೈಸೆನ್ಸ್ ಎಲ್ಲಿದೆ ಗೊತ್ತಾ? ಮನೆ ಹಾಲಿನ ಗೋಡೆ ಮೇಲೆ. ಪಾಸಾದ ಸಂಭ್ರಮಕ್ಕೆ ಫ್ರೇಮ್ ಹಾಕಿಸಿ ನೇತುಹಾಕಿದ್ದೆ... ಮೊಬೈಲಲ್ಲಿ ಒಂದು ಫೋಟೊ ಇತ್ತು. ಫ್ಲಾಶ್ ಗಾಜಿಗೆ ಬಡಿದು ಅದರಲ್ಲಿ ನನ್ನ ಹೆಸರೇ ಕಾಣ್ತಿರಲಿಲ್ಲ.

"ಯಾವನೋ ಕಾರಲ್ಲಿ ಓಡಾಡ್ಕೊಂಡು ನಮ್ಮ ವೈರ್‌ಲೆಸ್ ಕೇಳ್ತಾವ್ನೆ ಮೇಡಂ" ಅಂದ್ರು ಸಾಹೇಬರು. "ಇಸ್ಪೀಟ್ ಅಡ್ಡೆಗೆ ನಾವು ಹೋಗೋಷ್ಟರಲ್ಲಿ ಬರೀ ಚಾಪೆ ಇರುತ್ತೆ. ನಿಮ್ಮ ಸೆಟ್ಟು ಸ್ಟೇಷನ್ನಿಗೆ ಬರಲಿ. ಒರಿಜಿನಲ್ ತೋರಿಸಿ ಬಿಡಿಸ್ಕೊಳ್ಳಿ. ಕೇಸ್ ಆಗುತ್ತೋ ಇಲ್ವೋ ಆಮೇಲೆ ನೋಡೋಣ."

ಕೇಸ್ ಬಿದ್ದರೆ ನನ್ನ ಲೈಸೆನ್ಸ್ ಕಥೆ ಮುಗಿದ ಹಾಗೆ. ಮಾಡದ ತಪ್ಪನ್ನ ಮಾಡಿಲ್ಲ ಅಂತ ತೋರಿಸೋದು ಹೇಗೆ? ಮಾತಾಡಿದ್ದರೆ ಸಿಗ್ನಲ್ ಇರುತ್ತೆ. ಸುಮ್ಮನೆ ಕೇಳಿಸಿಕೊಂಡಿದ್ದಕ್ಕೆ ಏನು ಗುರುತು ಉಳಿಯುತ್ತೆ?

ಹಾಗಂತ ನಾನೇ ಬಾಯಿಬಿಟ್ಟೆ. ಸಾಹೇಬರಿಗೂ ಅದೇ ತಲೆನೋವಂತೆ. ಲೈಸೆನ್ಸ್ ಇಲ್ಲದವನ ಹತ್ತಿರ ಸೆಟ್ ಸಿಕ್ಕರೆ ಕೇಸ್ ಹಾಕೋಕೆ ಅಷ್ಟೇ ಸಾಕು. ಲೈಸೆನ್ಸ್ ಇದ್ದವನು ಪೊಲೀಸ್ ವೈರ್‌ಲೆಸ್ಸನ್ನೇ ಕೇಳ್ತಿದ್ದ ಅಂತ ಕೋರ್ಟಲ್ಲಿ ಹೇಳೋದು ಹೇಗೆ ಅಂತ.

"ಸರ್, ಕೇಳೋ ರೇಡಿಯೊನೂ ಒಂದೊಂದು ಸಲ ಹಿಡೀಬಹುದು" ಅಂದುಬಿಟ್ಟೆ.

"ಹಿಡೀರಿ ನೋಡೋಣ. ಆಮೇಲೆ ನೀವು ನಿಜವಾದ ಹ್ಯಾಮೋ ಅಲ್ವೋ ಹೇಳ್ತೀನಿ."

ಅಲ್ಲೇ ರಸ್ತೆ ಪಕ್ಕ ಜಯಮ್ಮ ಅನ್ನೋರ ಟೀ ಅಂಗಡಿ. ಅಂಗಡಿಯಲ್ಲಿ ಹಳೇ ಟ್ರಾನ್ಸಿಸ್ಟರ್ ಹಾಡ್ತಿದೆ! ಆ ಕ್ಷಣ ನನಗೆ ದೇವರು ಕಂಡಂತಾಯ್ತು.

ವಿಷಯ ಇಷ್ಟೇ. ಹಳೇ ಎಫ್ಎಂ ರೇಡಿಯೊ ಕೇಳುವಾಗ ಒಳಗೆ ತನ್ನದೇ ಒಂದು ಸಣ್ಣ ಸಿಗ್ನಲ್ ಹುಟ್ಟಿಸುತ್ತೆ, ಅದು ಚೂರು ಹೊರಗೆ ಸೋರುತ್ತೆ. ಎಷ್ಟು ಫ್ರೀಕ್ವೆನ್ಸಿಯಲ್ಲಿ ಅಂತ ಲೆಕ್ಕ ಹಾಕಬಹುದು. ನನ್ನ ಸೆಟ್ಟನ್ನ ಅಲ್ಲಿಗೆ ತಿರುಗಿಸಿದೆ. ಸಿಗ್ನಲ್ ಸಿಕ್ಕರೆ ಸೆಟ್ಟಿನ ಸದ್ದು ನಿಲ್ಲುತ್ತೆ; ಸೊಂಯ್ ಅಂತಿದ್ದದ್ದು ತಟ್ಟನೆ ಮೌನ. ನಾನು ಹೇಳಿದಾಗ ಜಯಮ್ಮ ರೇಡಿಯೊ ಆಫ್ ಮಾಡಿದ್ರು, ಮತ್ತೆ ಸೊಂಯ್.

"ಬೆನ್ನು ತಿರುಗಿಸಿ ನಿಂತ್ಕೊಳ್ಳಿ" ಅಂದ್ರು ಸಾಹೇಬರು. "ಜಯಮ್ಮ, ಸೌಂಡ್ ಪೂರ್ತಿ ಇಳಿಸಿ ಆನ್ ಆಫ್ ಮಾಡಿ."

ಮೊದಲನೇ ಸಲ ಮೌನ. "ಆನ್" ಅಂದೆ, ಸರಿ. ಎರಡನೇ ಸಲ ಸೊಂಯ್. "ಆಫ್" ಅಂದೆ, ಅದೂ ಸರಿ. ಟೀ ಕುಡೀತಿದ್ದವರೆಲ್ಲ ಲೋಟ ಹಿಡಿದು ಹತ್ತಿರ ಬಂದ್ರು. ರಸ್ತೇಲಿ ಗಾಡಿ ನಿಲ್ಲಿಸ್ತಿದ್ದ ಹೆಡ್ ಕಾನ್‌ಸ್ಟೇಬಲ್ಲೂ ಬಂದು ನನ್ನ ಪಕ್ಕ ನಿಂತ್ರು.

ಮೂರನೇ ಸಲ ಮೌನ.

"ಆನ್."

"ಇಲ್ಲ ಕಣವ್ವ" ಅಂದ್ರು ಜಯಮ್ಮ. "ಶೆಲ್ಲೇ ತೆಗ್ದ್‌ಬುಟ್ಟೆ, ನೋಡು."

ತಿರುಗಿ ನೋಡಿದೆ. ಅವರ ಒಂದು ಕೈಲಿ ರೇಡಿಯೊ, ಇನ್ನೊಂದು ಕೈಲಿ ಎರಡು ಶೆಲ್ಲು. ಸಾಹೇಬರು ಆಗಲೇ ನನ್ನ ಸೆಟ್ಟಿಗೆ ಕೈ ಚಾಚಿದ್ರು.

ಆದ್ರೆ ನನ್ನ ಸೆಟ್ಟು ಇನ್ನೂ ಮೌನವಾಗೇ ಇದೆ!

"ಒಂದು ನಿಮಿಷ ಸರ್. ಇಲ್ಲೆಲ್ಲೋ ಇನ್ನೊಂದು ರೇಡಿಯೊ ಇದೆ, ಇದೇ ಸ್ಟೇಷನ್ ಹಾಕಿದ್ದಾರೆ" ಅಂದೆ. ಸೆಟ್ಟು ಹಿಡಿದು ಎಡಕ್ಕೆ ಹೋದೆ, ಸೊಂಯ್ ಶುರುವಾಯ್ತು. ಕಾರಿನ ಕಡೆ ಹೋದೆ, ಜೋರಾಯ್ತು. ವಾಪಸ್ ಬಂದೆ... ಮೌನ. ನಾನು ನಿಂತದ್ದು ಹೆಡ್ ಕಾನ್‌ಸ್ಟೇಬಲ್ ಎದುರಿಗೆ.

ಅವರು ಸಾಹೇಬರ ಮುಖ ನೋಡಿದ್ರು. ಆಮೇಲೆ ನಿಧಾನವಾಗಿ ಜೇಬಿನಿಂದ ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡ ಪಾಕೆಟ್ ರೇಡಿಯೊ ತೆಗೆದ್ರು. ಇಯರ್‌ಫೋನ್ ವೈರು ಕಾಲರ್ ಒಳಗಿಂದ ಹೋಗಿ ಟೋಪಿ ಕೆಳಗೆ ಕಿವಿ ಸೇರಿತ್ತು.

ಸಾಹೇಬರೇ ಮೊದಲು ನಕ್ಕರು. ನಾನು ಕುಣಿಯೋದೊಂದು ಬಾಕಿ.

"ಬೆಳಿಗ್ಗೆ ಐದಕ್ಕೆ ನಿಂತಿದ್ದು ಸಾರ್... ಹಳೇ ಹಾಡು" ಅಂದ್ರು ಹೆಡ್ ಕಾನ್‌ಸ್ಟೇಬಲ್. ಪಾಪ ಅನ್ನಿಸ್ತು, ಅವರ ಮುಖ ನೋಡೋಕಾಗಲಿಲ್ಲ.

"ಇರಲಿ ಬಿಡ್ರೀ. ಇನ್ಮೇಲೆ ಡ್ಯೂಟಿ ಮುಗಿಸಿ ಕೇಳಿ." ಹಾಗಂದು ಸಾಹೇಬರು ನನ್ನ ಸೆಟ್ಟು ನನ್ನ ಕೈಲೇ ಬಿಟ್ಟರು. ಸೋಮವಾರ ಒರಿಜಿನಲ್ ತಂದು ತೋರಿಸಬೇಕು ಅಂತ ಬರೆಸಿಕೊಂಡ್ರು, ಅಷ್ಟೇ.

ನಾನು ಕಾರು ಹತ್ತುವಾಗ ಸಾಹೇಬರು ಕಿಟಕಿ ಹತ್ತಿರ ಬಂದು ಕೇಳಿದ್ರು. "ಹಾಗಾದ್ರೆ ಈ ಸೆಟ್ಟನ್ನ ಇಲ್ಲಿಟ್ಟರೆ ನಮ್ಮ ವೈರ್‌ಲೆಸ್ ಕೇಳೋ ಅವನೂ ಸಿಗ್ತಾನಾ?"

ಸುಳ್ಳು ಹೇಳೋಕೆ ಮನಸ್ಸಾಗಲಿಲ್ಲ. "ಕಷ್ಟ ಸರ್. ಇದು ಕೆಲಸ ಮಾಡೋದು ನಾಲ್ಕು ಹೆಜ್ಜೆ ದೂರದಲ್ಲಿ. ಕಾರಿನ ಮಾಮೂಲಿ ಸ್ಟೀರಿಯೊನೂ ಹೀಗೇ ಸೋರಬಹುದು, ಎಷ್ಟು ಜನರನ್ನ ನಿಲ್ಲಿಸ್ತೀರಿ? ಹೊಸ ಸೆಟ್ಟುಗಳಂತೂ ಹೆಚ್ಚುಕಮ್ಮಿ ಸೋರೋದೇ ಇಲ್ಲ."

ಅವರು ಹುಣಸೂರು ರಸ್ತೇಲಿ ಹೋಗ್ತಿದ್ದ ಕಾರುಗಳನ್ನ ನೋಡ್ತಾ ನಿಂತ್ರು.

ನರಿ ಬೇಟೇಲಿ ನಾನು ಲಾಸ್ಟ್, ಆದ್ರೂ ಅವತ್ತಿನಷ್ಟು ಖುಷಿ ಯಾವತ್ತೂ ಪಟ್ಟಿಲ್ಲ. ಲೈಸೆನ್ಸ್ ಈಗ ಗೋಡೆಯಿಂದ ಇಳಿದು ಕಾರಿಗೆ ಬಂದಿದೆ, ಫ್ರೇಮ್ ಸಮೇತ.

ಒಂದು ಮಾತ್ರ ತಲೆಯಿಂದ ಹೋಗ್ತಿಲ್ಲ... ನಾವೆಲ್ಲ ಟೀ ಅಂಗಡಿ ಮುಂದೆ ನಗ್ತಾ ನಿಂತಿದ್ದಾಗ, ಸಾಹೇಬರು ಹುಡುಕ್ತಿದ್ದ ಆ ಕಾರು ನಮ್ಮ ಪಕ್ಕದಲ್ಲೇ ಹಾದುಹೋಗಿದ್ದರೆ?