ನೀರು ನೋಡದೆ ಸಹಿ ಹಾಕಿದ ಬೆಳಿಗ್ಗೆ

ದೆವ್ವ, ಮುನ್ಸೂಚನೆ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವ ಜಾತಿ ನನ್ನದು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಾನು ಡಯಾಲಿಸಿಸ್ ಟೆಕ್ನಿಷಿಯನ್. ಕಿಡ್ನಿ ಕೈಕೊಟ್ಟವರ ರಕ್ತದಲ್ಲಿ ಉಳಿಯುವ ವಿಷವನ್ನು ಯಂತ್ರದಿಂದ ತೆಗೆಯುವುದು ನನ್ನ ಕೆಲಸ. ಈಗ ಹೇಳುವುದನ್ನು ಕೇಳಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ಮೊದಲು ನೀರಿನ ವಿಷಯ. ರಕ್ತ ಶುದ್ಧ ಮಾಡಲು ಒಬ್ಬೊಬ್ಬರಿಗೂ ಡ್ರಮ್ಮುಗಟ್ಟಲೆ ನೀರು ಬೇಕು. ಅದರಲ್ಲಿ ಕ್ಲೋರಿನ್ ಉಳಿದರೆ ರಕ್ತಕಣ ಒಡೆದು ಜೀವಕ್ಕೇ ಅಪಾಯ. ಅದಕ್ಕೇ ದಿನಾ ಬೆಳಿಗ್ಗೆ, ಮೊದಲ ಸೂಜಿ ಚುಚ್ಚುವ ಮುಂಚೆ, ಸಣ್ಣ ಗಾಜಿನ ನಳಿಕೆಯಲ್ಲಿ ನೀರು ಹಿಡಿದು ಮದ್ದಿನ ಹನಿ ಹಾಕಬೇಕು. ಹಳದಿಯಾದರೆ ಕ್ಲೋರಿನ್ ಇದೆ ಎಂದರ್ಥ. ಆಗದಿದ್ದರೆ ಪುಸ್ತಕದಲ್ಲಿ ‘ಇಲ್ಲ’ ಎಂದು ಬರೆದು ಸಹಿ ಹಾಕಬೇಕು. ವರ್ಷಗಟ್ಟಲೆ ಅದು ಒಮ್ಮೆಯೂ ಹಳದಿಯಾಗಿರಲಿಲ್ಲ. ಅವಸರದ ದಿನ ನಾನು ನೋಡದೆಯೇ ಬರೆಯುತ್ತಿದ್ದೆ. ಇದು ನನ್ನ ಹೆಂಡತಿಗೂ ಗೊತ್ತಿರಲಿಲ್ಲ.

ಮೂರು ವರ್ಷದ ಹಿಂದೆ, ಬೇಸಿಗೆಯ ಒಂದು ಬೆಳಿಗ್ಗೆ, ಹಾಗೆಯೇ ಬರೆದು ಬಂದೆ. ಐದು ಮಂದಿ ಮಲಗಿದ್ದರು, ಯಾರಿಗೂ ಇನ್ನೂ ಸೂಜಿ ಚುಚ್ಚಿರಲಿಲ್ಲ. ಆರನೆಯ ಹಾಸಿಗೆ ಕುಲಶೇಖರದ ಲೀಲಕ್ಕನದು, ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ಹೆಂಗಸು. ಮೊದಲಿಗೆ ಬಂದರಿನಲ್ಲಿ ಅಂಗಡಿ ಇರುವ ಇಬ್ರಾಹಿಂ ಬ್ಯಾರಿಯ ಕೈಗೆ ಸೂಜಿ ಹಿಡಿದಿದ್ದೆ. ಆಗ ಬಾಗಿಲಲ್ಲಿ ಲೀಲಕ್ಕ ನಿಂತದ್ದು ಕಂಡಿತು.

“ನೀರು ನೋಡಿದ್ರಾ?” ಎಂದರು.

“ನೋಡಿ ಆಯ್ತು ಅಕ್ಕ, ಬನ್ನಿ.”

“ಬರೆದದ್ದು ಉಂಟು. ನೋಡಿದ್ದು ಇಲ್ಲ.”

ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರಲ್ಲ, ನನಗೆ ಸಿಟ್ಟು ನೆತ್ತಿಗೇರಿತು. ಇವರ ಬಾಯಿ ಮುಚ್ಚಿಸಬೇಕೆಂದೇ ಹಿಂದಿನ ಬಾಗಿಲಿನಿಂದ ನೀರಿನ ಕೋಣೆಗೆ ಹೋದೆ. ಹನಿ ಹಾಕಿದೆ. ನೀರು ಹಳದಿಯಾಯಿತು.

ಇನ್ನೊಮ್ಮೆ ಹಾಕಿದೆ. ಮತ್ತೆ ಹಳದಿ. ಕ್ಲೋರಿನ್ ಹೀರಬೇಕಾದ ಫಿಲ್ಟರಿನ ಇದ್ದಿಲು ಕೆಲಸ ನಿಲ್ಲಿಸಿತ್ತು. ಒಂದು ನಿಮಿಷ ತಡವಾಗಿದ್ದರೆ ಇಬ್ರಾಹಿಂ ಬ್ಯಾರಿಯಿಂದ ಹಿಡಿದು ಒಬ್ಬೊಬ್ಬರ ರಕ್ತಕ್ಕೂ ನಾನೇ ವಿಷ ಸೇರಿಸುತ್ತಿದ್ದೆ. ಓಡಿ ಬಂದು ಎಲ್ಲ ಯಂತ್ರ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿದೆ.

“ಲೀಲಕ್ಕ ಎಲ್ಲಿ ಹೋದ್ರು?” ಎಂದು ಕೇಳಿದೆ.

“ಎಂತ ಮಾರಾಯ್ರೆ, ಬಾಗಿಲಲ್ಲಿ ಯಾರೂ ಇರ್ಲಿಲ್ಲ. ನೀವೇ ಏನೋ ಮಾತಾಡಿ ಎದ್ದು ಹೋದ್ರಿ,” ಎಂದರು ಇಬ್ರಾಹಿಂ ಬ್ಯಾರಿ. ಬಾಗಿಲು ಅವರ ಎದುರಿಗೇ ಇತ್ತು.

ಮುಕ್ಕಾಲು ಗಂಟೆ ಕಳೆದು ಲೀಲಕ್ಕ ಬಂದರು, ಸೊಸೆಯ ಕೈ ಹಿಡಿದು, ಏದುಸಿರು ಬಿಡುತ್ತ. ನಂತೂರಿನಲ್ಲಿ ಬಸ್ಸು ಕೆಟ್ಟು ನಿಂತಿತ್ತಂತೆ. ಸೊಸೆಯೂ ಅದನ್ನೇ ಹೇಳಿದಳು. ನನಗೆ ತಡೆಯಲಾಗಲಿಲ್ಲ. ನಡೆದದ್ದನ್ನು ಅವರಿಗೆ ಹೇಳಿಬಿಟ್ಟೆ.

“ನನಗೆ ನೀರಿನ ವಿಷಯ ಎಂತ ಗೊತ್ತುಂಟು? ನಾನು ಬಸ್ಸಲ್ಲಿದ್ದೆ,” ಎಂದರು. ಆಮೇಲೆ ಮೆಲ್ಲಗೆ ಕೇಳಿದರು: “ಅಲ್ಲ, ನೀವು ನೋಡದೆ ಬರೆದದ್ದು ಹೌದಾ?”

ಬಾಗಿಲಲ್ಲಿ ನಿಂತವರು ಯಾರು ಎಂಬುದಕ್ಕೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ಡಾಕ್ಟರು ನಿದ್ದೆಗೆಟ್ಟ ತಲೆಯ ಆಟ ಎಂದರು, ಇದ್ದರೂ ಇರಬಹುದು. ಆದರೆ ಲೀಲಕ್ಕನ ಪ್ರಶ್ನೆಗೆ ಉತ್ತರವಿತ್ತು. “ಹೌದು” ಎಂದೆ. ಅವರು ಆರನೆಯ ಹಾಸಿಗೆಗೆ ಹೋಗಿ ಮಲಗಿದರು. ಮಧ್ಯಾಹ್ನ ಇದ್ದಿಲು ಬದಲಾಗಿ, ನೀರು ಸರಿಯಾಗಿ, ನಾನು ಸೂಜಿ ಹಿಡಿದು ಹತ್ತಿರ ಹೋದಾಗ, ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.